ಅಸ್ಸುಂತಾಳ ಅಂಗಳದ ಬಳ್ಳಿ

ಎರ್ಸಿಲಿಯಾ ಮದುವೆಯಾಗಿ ಸಾನ್ನಿಯೊ ಗುಡ್ಡದ ಆ ಊರಿಗೆ ಬಂದಾಗ ಗಂಡನ ಮನೆಯ ತೋಟದಲ್ಲಿದ್ದದ್ದು ಎಲ್ಲರೂ ಬೆಳೆಯುವ ದ್ರಾಕ್ಷಿಯೇ. ವೈನ್ ಕೆಟ್ಟದಾಗಿರಲಿಲ್ಲ. ಆದರೆ ಕುಡಿದವರಿಗೆ ಅದು ಯಾವ ಊರಿನದೆಂದು ಗೊತ್ತಾಗುವಂತಿರಲಿಲ್ಲ. ಹಿಂದೆ ಅಲ್ಲಿ ಮೊನಕೆಲ್ಲಾ ಎಂಬ ಕಪ್ಪು ದ್ರಾಕ್ಷಿ ಇತ್ತಂತೆ. ತೀರಾ ತಡವಾಗಿ ಹಣ್ಣಾಗುವ, ಕೈತುಂಬ ಕೊಡದ ತಳಿ. ಹಾಗಾಗಿಯೇ ಊರವರು ಒಬ್ಬೊಬ್ಬರಾಗಿ ಕಿತ್ತೆಸೆದಿದ್ದರು. ಮೊದಲು ಟ್ರ್ಯಾಕ್ಟರ್ ಇಳಿಸಿದವನು ಅವಳ ಮಾವ ದೊನಾತೊ.

ಉಳಿದದ್ದು ಒಂದೇ ಬಳ್ಳಿ, ಪಕ್ಕದ ಮನೆಯ ಮುದುಕಿ ಅಸ್ಸುಂತಾಳ ಅಂಗಳದಲ್ಲಿ. ಎರಡು ಮನೆಗಳ ನಡುವೆ ಮಾತಿರಲಿಲ್ಲ. ಗಡಿಯಲ್ಲಿದ್ದ ಅಸ್ಸುಂತಾಳ ಅಪ್ಪನ ಬಳ್ಳಿಗಳನ್ನೂ ದೊನಾತೊ ಅಂದು ಕೇಳದೆಯೇ ಕಿತ್ತುಹಾಕಿದ್ದ.

ಬಳ್ಳಿ ಸವರುವ ಕಾಲಕ್ಕೆ ಎರ್ಸಿಲಿಯಾ ಅವಳ ಬಾಗಿಲಿಗೆ ಹೋಗಿ, ಕಸಿ ಕಟ್ಟಲು ನಾಲ್ಕು ಕಡ್ಡಿ ಬೇಕೆಂದಳು.

ಅಸ್ಸುಂತಾ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ ಮಗಳೇ. ಆದ್ರೆ ಕಿತ್ತೋನೇ ಬಂದು ಕೇಳ್ಬೇಕು."

ಮನೆಯಲ್ಲಿ ಇದನ್ನು ಹೇಳಿದಾಗ ದೊನಾತೊ ಊಟದ ತಟ್ಟೆ ಸರಿಸಿ ಎದ್ದುಹೋದ. ಗಂಡ ರೊಕ್ಕೊ, ಇದ್ದ ಬಳ್ಳಿ ಕಡಿದು ಇಲ್ಲದ್ದಕ್ಕೆ ಆಸೆಪಡುವುದು ಹುಚ್ಚು ಎಂದ. ಎರ್ಸಿಲಿಯಾ ವಾದಕ್ಕೆ ಇಳಿಯಲಿಲ್ಲ. ಮರುದಿನ ಗುಡ್ಡದ ಮೇಲಿನ ಸಾಲುಗಳಿಗೆ ಹೋಗಿ, ಕಸಿಗೆಂದು ಒಂದೊಂದೇ ಬಳ್ಳಿಯ ತಲೆ ಕತ್ತರಿಸತೊಡಗಿದಳು. ಮಾವ ಬಂದು ನೋಡಿದ.

"ಕಡ್ಡಿ ಸಿಗದಿದ್ರೆ ಈ ಬುಡಗಳನ್ನ ಏನ್ ಮಾಡ್ತೀಯಾ?"

"ಒಲೆಗೆ ಹಾಕ್ತೀನಿ ಮಾವ. ಸಿಗೋದು ಬಿಡೋದು ನಿಮ್ಮ ಕೈಲಿದೆ."

ಅವನು ಅವಳನ್ನು ಬಾಯಿಗೆ ಬಂದಂತೆ ಬೈದ. ಆದರೆ ಭಾನುವಾರ ಚರ್ಚು ಮುಗಿಸಿ, ಅದೇ ಹಬ್ಬದ ಕೋಟಿನಲ್ಲಿ ಅಸ್ಸುಂತಾಳ ಗೇಟಿನ ಮುಂದೆ ನಿಂತ. ಹಿಂದೆ ನಿಂತಿದ್ದ ಎರ್ಸಿಲಿಯಾಗೆ ಅವನ ಕುತ್ತಿಗೆ ಕೆಂಪೇರಿದ್ದು ಕಾಣುತ್ತಿತ್ತು.

"ನಿಮ್ಮಪ್ಪನ ಬಳ್ಳಿ ಕಿತ್ತಿದ್ದು ತಪ್ಪು," ಎಂದ. "ಆಗ್ಲೂ ಗೊತ್ತಿತ್ತು."

"ಇಷ್ಟು ಹೇಳೋಕೆ ಮುದುಕ ಆಗ್ಬೇಕಾಯ್ತಾ ನೀನು?" ಎಂದು ಅಸ್ಸುಂತಾ ಗೇಟು ತೆಗೆದಳು.

ಕಸಿ ಹತ್ತಿತು. ಆದರೆ ಮೊದಲ ಫಸಲಿನಲ್ಲಿ ಮಳೆಗೆ ಹೆದರಿದ ರೊಕ್ಕೊ ಹಣ್ಣು ಮಾಗುವ ಮೊದಲೇ ಊರವರ ಜೊತೆಗೆ ಕೊಯ್ದುಬಿಟ್ಟ. ವೈನು ಹಲ್ಲು ಚಳಿಯುವಷ್ಟು ಹುಳಿಯಾಯಿತು. ಸಲಾಡಿಗೆ ಹಾಕುವ ವಿನೆಗರ್ ಚೆನ್ನಾಗಿದೆ ಎಂದು ಊರು ನಕ್ಕಿತು. ಎರ್ಸಿಲಿಯಾ ಅದನ್ನು ಚೆಲ್ಲಿ, ಪೀಪಾಯಿ ತೊಳೆದಿಟ್ಟಳು.

ಮರುವರ್ಷ ಕೊಯ್ಲಿನ ಕತ್ತರಿಗಳನ್ನೆಲ್ಲ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ನವೆಂಬರಿನ ಸಂತ ಮಾರ್ತಿನೊ ಹಬ್ಬ ಬಂತು. ಊರೆಲ್ಲ ಹೊಸ ವೈನ್ ಕುಡಿಯುತ್ತಿದ್ದಾಗ ಅವಳ ಗೊಂಚಲುಗಳು ಇನ್ನೂ ಬಳ್ಳಿಯಲ್ಲೇ ಇದ್ದವು. ಹಕ್ಕಿಗಳು ಒಂದಷ್ಟು ತಿಂದವು, ಆಲಿಕಲ್ಲು ಒಂದು ಸಾಲನ್ನೇ ಹಾಳುಮಾಡಿತು. ಬೆಳಿಗ್ಗೆ ಬೆಳಿಗ್ಗೆ ಮಂಜಿನಲ್ಲಿ ಹೋಗಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಬೀಜ ಕಚ್ಚಿ ನೋಡಿ, ಇನ್ನೂ ಇಲ್ಲವೆಂದು ವಾಪಸಾಗುತ್ತಿದ್ದಳು. ರೊಕ್ಕೊ ಮಾತು ಬಿಟ್ಟ. ಆದರೂ ಅವಳು ಬೀಗದ ಕೈ ಕೊಡಲಿಲ್ಲ.

ಒಂದು ಬೆಳಿಗ್ಗೆ ಬೀಜ ಕಟುಂ ಎಂದು ಒಡೆಯಿತು, ಕಹಿ ಬರಲಿಲ್ಲ. ಅವಳು ಕತ್ತರಿಗಳನ್ನು ಹೊರತಂದಳು. ಕೊಯ್ಲಿಗೆ ಅಸ್ಸುಂತಾ ಸ್ಟೂಲು ಹಿಡಿದುಕೊಂಡು ಬಂದು, ದೊನಾತೊನ ಎದುರು ಸಾಲಿನಲ್ಲಿ ಕೂತು, ನಿನ್ನ ಕೈ ಇನ್ನೂ ಒರಟು ಎಂದು ಅವನನ್ನು ಗದರುತ್ತ ಗೊಂಚಲು ಕತ್ತರಿಸಿದಳು.

ಆ ವೈನ್ ಕಪ್ಪಗೆ, ಒಗರಾಗಿ, ಕುಡಿದ ಮೇಲೂ ಬಾಯಲ್ಲಿ ಉಳಿಯುವಂಥದ್ದಾಗಿ ಬಂತು. ಸಿಕ್ಕಿದ್ದು ಎರಡೇ ಪೀಪಾಯಿ. ರುಚಿ ನೋಡಿದ ರೊಕ್ಕೊ ಹೊಗಳಲಿಲ್ಲ. ಕೆಳಗಿನ ಇಳಿಜಾರಿನ ಬಳ್ಳಿಗಳ ತಲೆ ಯಾವಾಗ ಕತ್ತರಿಸೋಣ ಎಂದು ಕೇಳಿದ.

"ಫೆಬ್ರವರೀಲಿ," ಎಂದಳು ಎರ್ಸಿಲಿಯಾ. "ಈ ಸಲ ನೀನೂ ಬಾ."