ವಾಡಿಯಲ್ಲಿ ತಪ್ಪಿದ ಗಾಡಿ, ನಾಗಾವಿಯ ಕಂಬಗಳು

ಸಂಕ್ರಾಂತಿ ಕಳೆದ ಮರುವಾರ ನಾನೂ ನನ್ನ ಹೆಂಡತಿ ನೀಲಮ್ಮನೂ ಜೇವರ್ಗಿಯಿಂದ ನಾಗಾವಿಗೆ ಹೊರಟೆವು. ನಮ್ಮ ನಿಜಾಮ ಸೀಮೆಯಲ್ಲಿ ಸರ್ಕಾರಿ ಶಾಲೆಗಳೆಲ್ಲ ಉರ್ದುವಿನವು. ನಾನು ಮನೆಯ ಪಡಸಾಲೆಯಲ್ಲೇ ಕನ್ನಡ ಕಲಿಸುವ ಮಾಸ್ತರ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲಕ್ಕೆ ದೊಡ್ಡ ವಿದ್ಯಾಪೀಠವಿತ್ತು, ಅದನ್ನು ಘಟಿಕಾಸ್ಥಾನ ಎನ್ನುತ್ತಿದ್ದರು ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳುತ್ತಿದ್ದೆ. ಕಣ್ಣಾರೆ ಕಂಡಿರಲಿಲ್ಲ.

"ನೋಡಲಾರದ ಊರಿನ ಸುದ್ದಿ ಎಷ್ಟು ದಿನ ಹೇಳ್ತೀರಿ? ನಡೀರಿ, ನಾನೂ ಬರ್ತೇನಿ" ಎಂದು ನೀಲಮ್ಮನೇ ಹೊರಡಿಸಿದಳು. ಅವಳು ಅಲ್ಲಿಯವರೆಗೆ ರೈಲು ಹತ್ತಿದವಳಲ್ಲ.

ಕಟ್ಟಿ ಸಂಗಾವಿಯ ಹತ್ತಿರ ಭೀಮೆಯನ್ನು ಹರಿಗೋಲಿನಲ್ಲಿ ದಾಟಿ, ಆಚೆ ದಂಡೆಯಲ್ಲಿ ಮೋಟಾರು ಹಿಡಿದು ಕಲಬುರ್ಗಿ ಸೇರಿದೆವು. ಮರುದಿನ ಬೆಳಗಿನ ರೈಲಿಗೆ ವಾಡಿಯಲ್ಲಿ ಇಳಿದೆವು. ಚಿತ್ತಾಪುರಕ್ಕೆ ಅಲ್ಲಿ ಹೈದರಾಬಾದಿನ ಗಾಡಿ ಹತ್ತಬೇಕು. ನೀಲಮ್ಮನನ್ನು ಡಬ್ಬಿಯಲ್ಲಿ ಕೂಡ್ರಿಸಿ, ನೀರಿಗೆಂದು ತಂಬಿಗೆ ಹಿಡಿದು ನಳದ ಕಡೆ ಹೋದೆ. ತಂಬಿಗೆ ಇನ್ನೂ ತುಂಬಿರಲಿಲ್ಲ, ಸೀಟಿ ಕೇಳಿಸಿತು. ಓಡಿದೆ. ಕಡೆಯ ಡಬ್ಬಿಯೂ ಕೈಗೆ ಸಿಗದೆ ಮುಂದೆ ಹೋಯಿತು.

ಎರಡೂ ಟಿಕೇಟು ನನ್ನ ಕಿಸೆಯಲ್ಲಿದ್ದವು. ಅವಳು ಚಿತ್ತಾಪುರದಲ್ಲಿ ಇಳಿಯದಿದ್ದರೆ ಗಾಡಿ ನೆಟ್ಟಗೆ ಹೈದರಾಬಾದಿಗೆ ಒಯ್ಯುತ್ತದೆ.

"ಫಿಕರ್ ಮಾಡಬ್ಯಾಡ್ರಿ ಮಾಸ್ತರ, ಚಿತ್ತಾಪುರಕ್ಕ ತಾರ್ ಕೊಡ್ತೇನಿ" ಎಂದರು ಸ್ಟೇಶನ್ ಮಾಸ್ತರರು. ತಂತಿಗೆ ಉತ್ತರ ಬರುವವರೆಗೆ ಕಾಯಲು ನನ್ನಿಂದಾಗಲಿಲ್ಲ. ಟಾಂಗಾ ಮಾಡಿಕೊಂಡು ಹೊರಟೆ. ದಾರಿಯುದ್ದಕ್ಕೂ ಬಿಳಿಜೋಳ ತೆನೆ ಹೊತ್ತು ನಿಂತಿತ್ತಂತೆ. ಟಾಂಗಾದವ ತೋರಿಸಿದ, ನನ್ನ ಕಣ್ಣಿಗೆ ಒಂದೂ ಹತ್ತಲಿಲ್ಲ.

ಚಿತ್ತಾಪುರ ಸ್ಟೇಶನ್ನಿನ ಬೇವಿನ ಗಿಡದ ಕೆಳಗೆ ಇಬ್ಬರು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಒಬ್ಬಳು ನೀಲಮ್ಮ. ಟಾಂಗಾದಿಂದ ಇಳಿದು, ತಂಬಿಗೆ ಹಿಡಿದುಕೊಂಡೇ ಅವಳೆದುರು ನೆಲದ ಮೇಲೆ ಕೂತೆ.

"ನೀರು ತಂದ್ರೇನ್ರಿ?" ಎಂದಳು. ತಂಬಿಗೆ ಬರಿದಾಗಿತ್ತು.

ಜೊತೆಗಿದ್ದ ಹುಸೇನಬಿ ಆಳಂದದಿಂದ ಮಗಳ ಮನೆಗೆ ಬಂದವರು, ಅದೇ ಡಬ್ಬಿಯಲ್ಲಿದ್ದವರು. ಅವರು ನಗುತ್ತ ಹೇಳಿದರು: "ಸ್ಟೇಶನ್ ಬಾಬು ಟಿಕೇಟು ಕೇಳಿದರ ನಿಮ್ಮ ಮನಿಯಾಕಿ ಏನಂದಳು ಗೊತ್ತೇನ್ರಿ? ‘ಟಿಕೇಟು ನಮ್ಮವರ ಹತ್ರ ಐತ್ರಿ, ನಮ್ಮವರು ವಾಡಿ ನಳದ ಹತ್ರ ಅದಾರ್ರಿ!’ ಬಾಬು ನಕ್ಕು ಬಿಟ್ಟುಕೊಟ್ಟ. ನೀವು ಬರೋತನಕಾ ಬಿಟ್ಟು ಹೋಗೂದು ಹ್ಯಾಂಗ ಅಂತ ನಾನೂ ಕುಂತೆ."

ಹೇಗೆ ಉಪಕಾರ ಹೇಳಬೇಕೋ ತಿಳಿಯದೆ ಅವರ ಗಂಟನ್ನು ಹೊತ್ತು ಮಗಳ ಮನೆಯವರೆಗೆ ಬಿಟ್ಟು ಬಂದೆ. ಆಮೇಲೆ ಚಕ್ಕಡಿ ಮಾಡಿಕೊಂಡು ನಾಗಾವಿಗೆ ಹೋದೆವು.

ಆ ದೊಡ್ಡ ಊರು ಈಗ ಬಯಲು. ಅಲ್ಲಲ್ಲಿ ಗುಡಿ, ಬಾವಿ, ಶಾಸನದ ಕಲ್ಲು. ಅಲ್ಲಿನ ಎಲ್ಲಮ್ಮನ ಗುಡಿಯಲ್ಲಿ ಕಾಯಿ ಒಡೆಸಿದೆವು. ಪುಸ್ತಕ ಕಾಯುವವರಿಗೂ ಇಲ್ಲಿ ಭೂಮಿ ಬಿಟ್ಟಿದ್ದರೆಂದು ಶಾಸನ ಹೇಳುತ್ತದೆ ಎಂದೆ. "ಓದಿದವರಿಗೆ ಊಟ ಹಾಕೋ ಊರು, ಬೇಷಿತ್ತು" ಎಂದಳು ನೀಲಮ್ಮ.

ಹಿಂದೆ ಪಾಠ ನಡೆಯುತ್ತಿತ್ತೆನ್ನುವ ಅರವತ್ತು ಕಂಬದ ಗುಡಿಯೊಳಗೆ ತಣ್ಣಗಿತ್ತು. ಕಂಬಗಳು ಒಂದರ ಹಿಂದೆ ಒಂದು, ಒಳಗೊಳಗೆ ಕತ್ತಲಾಗುತ್ತ ಹೋಗಿದ್ದವು. ನೀಲಮ್ಮ ಒಂದೊಂದನ್ನೂ ಮುಟ್ಟಿ ನೋಡುತ್ತ ನಡೆದಳು. ಅವಳು ಕಂಬದ ಮರೆಯಾದಾಗಲೆಲ್ಲ ನಾನು "ನೀಲಾ!" ಎಂದು ಕೂಗುತ್ತಿದ್ದೆ.

"ಇಲ್ಲೇ ಅದೀನ್ರಿ" ಎಂದು ಒಳಗಿಂದ ದನಿ ಬಂತು. "ಹಾಜರಿ ತಗೊಳಾಕತ್ತೀರೇನು?"

ಇಬ್ಬರೂ ನಕ್ಕೆವು. ಆ ಹಳೆಯ ಶಾಲೆಯಲ್ಲಿ ನಮ್ಮ ನಗೆ ಬಹಳ ಹೊತ್ತು ಸುತ್ತಾಡಿತು.

ಇಳಿಹೊತ್ತಿಗೆ ಚಕ್ಕಡಿ ತಿರುಗಿತು. ಕಂಬಗಳ ಮೇಲೆ ಕೆಂಬಿಸಿಲು ಬಿದ್ದಿತ್ತು. ಒಳಗೆ ಯಾರದೋ ಆಡುಗಳು ಮಲಗಲು ಜಾಗ ಹುಡುಕುತ್ತಿದ್ದವು. "ಗಾಡಿ ಬಿಟ್ಟಾಗ ಹೆದರಿಕಿ ಆಗಲಿಲ್ಲೇನು?" ಎಂದು ಕೇಳಿದೆ.

"ನನಗ್ಯಾತರ ಹೆದರಿಕಿ? ನೀವೊಬ್ಬರೇ ಅಲ್ಲಿ ಏನ್ ಮಾಡ್ತೀರೋ ಅಂತ ಚಿಂತಿ ಆತು, ಅಷ್ಟ."

ಹಾಗಂದಳು. ಆದರೆ ಚಕ್ಕಡಿ ಸ್ಟೇಶನ್ ಮುಟ್ಟುವವರೆಗೂ ನನ್ನ ಅಂಗಿಯ ತೋಳು ಅವಳ ಮುಷ್ಟಿಯಲ್ಲೇ ಇತ್ತು.