ಎಣ್ಣೆಬುಡ್ಡಿ ಆರಿಸಿದ ಡಬ್ಬಿ

ಹೊಲಿಗೆ ಯಂತ್ರ ರಿಪೇರಿಯವನನ್ನು ಎದುರಿಗೆ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನ ಹಿಂದೆ ಎಣ್ಣೆಬುಡ್ಡಿ. ಮೂವತ್ತೆಂಟು ವರ್ಷದಿಂದ ಅವನದು ಒಂದೇ ಚಿಕಿತ್ಸೆ. ಯಂತ್ರ ಯಾವ ರಾಗ ಎಳೆದರೂ ಮೊದಲು ಬಿಚ್ಚು, ಒರೆಸು, ಒಂದು ತೊಟ್ಟು ಎಣ್ಣೆ ಬಿಡು. ನೂರರಲ್ಲಿ ತೊಂಬತ್ತು ಯಂತ್ರಗಳು ಅಷ್ಟಕ್ಕೇ ದಾರಿಗೆ ಬರುತ್ತಿದ್ದವು. ಉಳಿದ ಹತ್ತರ ಸುದ್ದಿಯನ್ನು ಅವನು ಎತ್ತುತ್ತಿರಲಿಲ್ಲ.

ಅವನ ಹೆಂಡತಿ ಮಾತಿನ ಮಲ್ಲಿ. ಅವಳ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದ ವೈದ್ಯರು ಹದಿನೈದು ದಿನ ಮುಂದಿನ ತಾರೀಖು ಕೊಟ್ಟರು. ಆ ಹದಿನೈದು ದಿನವೂ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕೂತು ಮಾತಾಡಿ, ತನ್ನ ದನಿಯನ್ನು ಅದರಲ್ಲಿ ರೆಕಾರ್ಡ್ ಮಾಡಿಟ್ಟಳು. ಮಗಳಿಗೆ ಬುದ್ಧಿಮಾತು, ಮುಂದೆ ಹುಟ್ಟುವ ಮೊಮ್ಮಕ್ಕಳಿಗೆ ಕಥೆ.

"ನಿಮ್ಮ ಪಾಲಿನ ಬೈಗುಳ ಬೇರೆ ಇಟ್ಟಿದ್ದೀನಿ ಕಣ್ರೀ," ಎಂದಳು ಕೊನೆಯ ದಿನ. "ಅದಿಲ್ಲದೆ ನಿಮಗೆ ತುತ್ತು ಇಳಿಯಲ್ಲ, ಗೊತ್ತು."

ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಒಂದು ಸ್ಲೇಟು. ಊಟಕ್ಕೆ ಕರೆಯಬೇಕಾದರೆ ಸೌಟಿನಿಂದ ಪಾತ್ರೆಗೆ ಎರಡು ಏಟು. ಎರಡು ವರ್ಷ ಹಾಗೇ ನಡೆಯಿತು. ತನ್ನ ಪಾಲಿನದನ್ನು ಮೇಸ್ತ್ರಿ ಒಮ್ಮೆಯೂ ಹಾಕಿ ಕೇಳಲಿಲ್ಲ. ಎಲ್ಲಿಗೆ ಓಡಿಹೋಗುತ್ತದೆ, ಕೇಳಿದರಾಯಿತು ಎಂದುಕೊಳ್ಳುತ್ತಿದ್ದ. ನಿಜವಾಗಿ ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ.

ಮಗಳಿಗೆ ದಿನ ತುಂಬುತ್ತಿದ್ದಾಗ ಹೆಂಡತಿ ಸ್ಲೇಟಿನಲ್ಲಿ ಬರೆದು ತೋರಿಸಿದಳು: "ಮಗು ನನ್ನ ದನಿ ಕೇಳಬೇಕು." ಲ್ಯಾಪ್‌ಟಾಪ್ ಹಾಕಿದರೆ ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು.

ಕಂಪ್ಯೂಟರ್ ಅಂಗಡಿಯವಳು ಅದನ್ನು ಬಿಚ್ಚಿ ನೋಡಿ, ಅಂಗೈಯಗಲದ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದಳು. "ಸುಟ್ಟಿರೋದು ಬೋರ್ಡು ಯಜಮಾನ್ರೇ. ಡಿಸ್ಕ್ ಚೆನ್ನಾಗೇ ಇರುತ್ತೆ. ಇದನ್ನ ಒಂದು ಡಬ್ಬಿಗೆ ಹಾಕಿ, ವೈರಿಂದ ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿದ್ರೆ ಆಯ್ತು. ಇಲ್ಲೇ ಬಿಟ್ಟು ಹೋಗಿ, ಸಂಜೆಗೆ ತೆಗೆದು ಕೊಡ್ತೀನಿ."

"ನನ್ನ ಕೆಲಸ ಇನ್ನೊಬ್ರ ಕೈಗೆ ಕೊಟ್ಟವನಲ್ಲ ತಾಯಿ. ಮಗಳ ಹಳೇ ಲ್ಯಾಪ್‌ಟಾಪ್ ಮನೇಲಿದೆ. ಡಬ್ಬಿ ಕೊಡು."

ಅವಳು ಎರಡು ಡಬ್ಬಿ ಮುಂದಿಟ್ಟಳು. ಒಂದು ಕರಿ ಪ್ಲಾಸ್ಟಿಕ್ಕಿನದು, ಅದರ ವೈರಿಗೆ ಎರಡು ತಲೆ. ಇನ್ನೊಂದು ಬೆಳ್ಳಗೆ ಹೊಳೆಯುವ ಲೋಹದ್ದು, ಅದರ ವೈರಿಗೆ ಒಂದೇ ತಲೆ. ಮೇಸ್ತ್ರಿ ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದ. ಕತ್ತರಿಯಾಗಲಿ ಇಕ್ಕಳವಾಗಲಿ ಅವನು ಹೀಗೇ ಆರಿಸುತ್ತಿದ್ದದ್ದು. ಭಾರವಿದ್ದದ್ದು ಬಾಳಿಕೆ ಬರುತ್ತದೆ.

"ತೂಕ ನೋಡಕ್ಕೆ ಇದೇನು ಕುಂಬಳಕಾಯಾ?" ಎಂದು ಅವಳು ನಕ್ಕಳು. "ಪ್ಲಾಸ್ಟಿಕ್ಕಿಂದು ತಗೊಳ್ಳಿ. ನಿಮ್ಮ ಡಿಸ್ಕ್ ಹಳೇದು, ಕರೆಂಟ್ ಜಾಸ್ತಿ ಕುಡಿಯುತ್ತೆ. ಎರಡು ತಲೆ ಎರಡು ಕಡೆ ಚುಚ್ಚಿದ್ರೇನೇ ಅದಕ್ಕೆ ಹೊಟ್ಟೆ ತುಂಬೋದು."

"ನಿನ್ನ ವಯಸ್ಸಿಗಿಂತ ಹೆಚ್ಚು ಯಂತ್ರ ಬಿಚ್ಚಿದ್ದೀನಮ್ಮ. ಪ್ಲಾಸ್ಟಿಕ್ಕನ್ನ ನಂಬಿ ಕೆಟ್ಟವರನ್ನೂ ನೋಡಿದ್ದೀನಿ."

ಲೋಹದ ಡಬ್ಬಿಯನ್ನೇ ತಂದ. ಹೆಂಡತಿ ಮೇಜು ಒರೆಸಿ, ಕುರ್ಚಿ ಎಳೆದುಕೊಂಡು, ಕೈಕಟ್ಟಿ ಕೂತಳು. ಡಿಸ್ಕು ಡಬ್ಬಿಯೊಳಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ವೈರು ಚುಚ್ಚಿದ. ಒಳಗೆ ಏನೋ ತಿರುಗಲು ಹೋಗಿ ನಿಂತಿತು. ಟಿಕ್. ಮತ್ತೆ ತಿರುಗಲು ಹೋಯಿತು. ಟಿಕ್. ಪರದೆಯ ಮೇಲೆ ಏನೂ ಮೂಡಲಿಲ್ಲ.

ಮೇಸ್ತ್ರಿ ಡಬ್ಬಿಯನ್ನು ಕಿವಿಗೆ ಹಿಡಿದ. ಈ ಸದ್ದು ಅವನಿಗೆ ಚಿರಪರಿಚಿತ. "ಒಣಗಿದೆ ಕಣೇ. ಎರಡು ವರ್ಷ ಓಡಿಲ್ಲ ನೋಡು, ಬೇರಿಂಗ್ ಹಿಡ್ಕೊಂಡಿದೆ."

ಹೆಂಡತಿ ಸ್ಲೇಟು ತಂದಳು. "ಅಂಗಡಿಯವಳನ್ನು ಕೇಳಿ."

"ನೀನು ಸುಮ್ನಿರೇ," ಎಂದುಬಿಟ್ಟ. ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಸುಮ್ಮನೇ ಇದ್ದಳು, ಬೇರೆ ದಾರಿ ಏನಿತ್ತು?

ಡಿಸ್ಕಿನ ಸ್ಕ್ರೂಗಳ ತಲೆ ನಕ್ಷತ್ರದ ಹಾಗಿತ್ತು. ಹೊಂದುವ ಮೊನೆ ಅವನಲ್ಲಿರಲಿಲ್ಲ. ಸಣ್ಣ ಸ್ಕ್ರೂಡ್ರೈವರೊಂದನ್ನು ಅರದಿಂದ ಮುಕ್ಕಾಲು ಗಂಟೆ ಉಜ್ಜಿ ಹೊಂದಿಸಿಕೊಂಡ. ಅಷ್ಟು ಚೆಂದದ ಕೈಕೆಲಸ ಆ ವರ್ಷ ಅವನಿಂದ ಆಗಿರಲಿಲ್ಲ. ಮುಚ್ಚಳ ಎತ್ತಿದರೆ ಒಳಗೆ ಕನ್ನಡಿಯಂಥ ಬಿಲ್ಲೆ. ಬಗ್ಗಿದ ಇಬ್ಬರ ಮುಖವೂ ಅದರಲ್ಲಿ ಕಂಡಿತು. ಮೆತ್ತನೆಯ ಬಟ್ಟೆಯಿಂದ ಅದನ್ನು ದುಂಡಗೆ ಒರೆಸಿದ. ನಡುವಿನ ಅಚ್ಚಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ. ಬಿಗಿದು ಮತ್ತೆ ಚುಚ್ಚಿದಾಗ ಕೆರೆದಂಥ ಸದ್ದು ಬಂತು. ಆಮೇಲೆ ಟಿಕ್ ಎನ್ನುವುದೂ ನಿಂತಿತು.

ಮರುದಿನ ಅಂಗಡಿಯವಳು ಡಿಸ್ಕನ್ನು ಕೈಗೆತ್ತಿಕೊಂಡು ಮೂಸಿದಳು. "ಇದೇನು ಯಜಮಾನ್ರೇ, ಎಣ್ಣೆ?"

"ಟಿಕ್ ಟಿಕ್ ಅಂತಿತ್ತು. ಬಿಚ್ಚಿ ಒರೆಸಿದೆ."

ಡಿಸ್ಕಿನ ಒಳಗನ್ನು ಯಾರಾದರೂ ಬಿಚ್ಚಿಯಾರು ಎಂಬುದು ಅವಳಿಗೆ ಕನಸಲ್ಲೂ ಹೊಳೆದಿರಲಿಲ್ಲ. ಹೊಳೆದಿದ್ದರೆ ಬೇಡ ಎಂದಿರುತ್ತಿದ್ದಳು. "ಒಂದು ಧೂಳಿನ ಕಣ ಬಿದ್ರೂ ಅದು ತಡೆಯಲ್ಲ. ಟಿಕ್ ಅಂದಿದ್ದು ಕರೆಂಟ್ ಸಾಲದೆ. ಎರಡು ತಲೆ ವೈರಿದ್ದಿದ್ರೆ..." ಅವಳು ಡಿಸ್ಕನ್ನು ಮೇಜಿನ ಮೇಲಿಟ್ಟಳು.

"ಬೇರೆ ಯಾರಾದ್ರೂ ತೆಗೀತಾರಾ ತಾಯಿ? ಎಷ್ಟು ದೂರ ಆದ್ರೂ ಹೋಗ್ತೀನಿ."

"ಒರೆಸಿಬಿಟ್ಟಿದ್ದೀರಲ್ಲ, ಓಡಿಸಿದಾಗ ಬಿಲ್ಲೆಯೇ ಕೆರೆದುಹೋಗಿದೆ. ತೆಗೆಯೋಕೆ ಏನೂ ಉಳಿದಿಲ್ಲ."

ಮನೆಗೆ ಬಂದವನು ಬಾಗಿಲಲ್ಲೇ ನಿಂತು ಹೇಳಿದ. ಸುಳ್ಳು ಹೇಳಬಹುದಿತ್ತು, ಆದರೆ ಸುಳ್ಳಿಗೂ ಕಸುಬು ಬೇಕು. "ಹೋಯ್ತು ಕಣೇ. ಡಬ್ಬಿ ತಪ್ಪಾಗಿ ತಂದೆ. ಡಿಸ್ಕನ್ನೂ ನಾನೇ ಕೆಡಿಸಿದೆ."

ಅವಳು ಸ್ಲೇಟು ತೆಗೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಬರೆದಳು. ಒಂದು ಮಗ್ಗುಲು ತುಂಬಿತು, ತಿರುಗಿಸಿ ಇನ್ನೊಂದು ಮಗ್ಗುಲನ್ನೂ ಸಣ್ಣ ಅಕ್ಷರದಲ್ಲಿ ತುಂಬಿದಳು. ಬಳಪ ಮುರಿಯಿತು, ತುಂಡಿನಲ್ಲೇ ಬರೆದಳು. ಅವನು ಪಕ್ಕಕ್ಕೆ ಬರುವಷ್ಟರಲ್ಲಿ ಎರಡು ಮಗ್ಗುಲನ್ನೂ ಅಂಗೈಯಿಂದ ಒರೆಸಿಬಿಟ್ಟಳು.

"ಏನ್ ಬರೆದೆ? ಬೈದಿದ್ದಾ? ಬೈಯೇ, ನನ್ನ ಪಾಲಿಂದಲ್ವಾ ಅದು. ಇನ್ನೊಂದ್ಸಲ ಬರಿ."

ಅವಳು ಸ್ಲೇಟನ್ನು ಮೊಳೆಗೆ ತೂಗುಹಾಕಿ ಒಳಗೆ ಹೋದಳು.

ಮೇಸ್ತ್ರಿ ತನ್ನ ಕೆಲಸದ ಮೂಲೆಯಲ್ಲಿ ಕೂತು ಸೌಟಿನ ಎರಡು ಏಟಿಗೆ ಕಿವಿಗೊಟ್ಟ. ಮಧ್ಯಾಹ್ನ ಇಳಿಯಿತು. ಕೊನೆಗೆ ಎದ್ದು ಅಡುಗೆಮನೆಗೆ ಹೋಗಿ ನೋಡಿದ. ಅವನ ತಟ್ಟೆಗೆ ಆಗಲೇ ಬಡಿಸಿಟ್ಟಿತ್ತು, ಆರಿ ತಣ್ಣಗಾಗಿತ್ತು. ಅವಳು ಉಂಡು, ತನ್ನ ತಟ್ಟೆ ತೊಳೆದು ಬೋರಲು ಹಾಕಿದ್ದಳು.