ಅಕ್ಕ ಮಾತು ಬಿಟ್ಟ ವರ್ಷ

ಒಲೆಗೆ ಹಾಕಿದ ಶೇಂಗಾ ಹೊಟ್ಟು ಉರಿಯುವಾಗ ಒಂದು ವಾಸನೆ ಬರುತ್ತದೆ. ಎಣ್ಣೆಯದೂ ಅಲ್ಲದ, ಮಣ್ಣಿನದೂ ಅಲ್ಲದ, ಗಂಟಲಿಗೆ ಒಗರಾಗಿ ತಾಗುವ ವಾಸನೆ. ಹೋದ ಚಳಿಗಾಲದಲ್ಲಿ ಹಿರಿಯೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ರಸ್ತೆ ಪಕ್ಕದ ಯಾರದೋ ಗುಡಿಸಲಿನ ಹೊಗೆ ಕಿಟಕಿಯೊಳಗೆ ನುಗ್ಗಿತು. ಹೊಳಲ್ಕೆರೆ ಸೀಮೆಯ ನಮ್ಮ ಕೇರಿ, ಕೇರಿಯ ಕೊನೆಗಿದ್ದ ನಮ್ಮ ಮಣ್ಣಿನ ಮಾಳಿಗೆ ಮನೆ, ಅದರ ನಡುಮನೆಯಲ್ಲಿ ಕಂಬಕ್ಕೆ ಒರಗಿ ಸುಮ್ಮನೆ ಕೂತ ನನ್ನ ಅಕ್ಕ ಕೆಂಚಮ್ಮ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಮುಂದಿನ ನಿಲ್ದಾಣ ಬಂದದ್ದೂ ನನಗೆ ತಿಳಿಯಲಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಊರ ಬಾವಿಗೆ ಕೊಡ ಇಳಿಸುವಂತಿಲ್ಲದ ಜನ ನಾವು. ಅಪ್ಪ ರಸ್ತೆಗೆ ಜಲ್ಲಿ ಒಡೆಯಲು ಹೋಗುತ್ತಿದ್ದರು, ಅವ್ವ ಕಂಡವರ ಹೊಲಕ್ಕೆ ಕಳೆ ತೆಗೆಯಲು. ಮನೆಯಲ್ಲಿ ಉಳಿಯುತ್ತಿದ್ದುದು ಅಜ್ಜಿ ಒಬ್ಬಳೇ. ನಮ್ಮ ಕೇರಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅಕ್ಕ. ಶಾಲೆ ಎರಡು ಮೈಲಿ ದೂರದ ದೊಡ್ಡ ಊರಿನಲ್ಲಿತ್ತು. ಅದೇ ಕಾಂಪೌಂಡಿನ ಮಿಡ್ಲ್ ಸ್ಕೂಲಿನಲ್ಲಿ ನಾನು ಆರನೇ ಕ್ಲಾಸು. ದಾರಿಯುದ್ದಕ್ಕೂ ಅಕ್ಕ ಮಾತಾಡುತ್ತಿದ್ದಳು. ಮುಂದೆ ಟೀಚರಾಗಿ ಚಿತ್ರದುರ್ಗದಲ್ಲಿ ಮನೆ ಮಾಡುವುದು, ಅಜ್ಜಿಗೆ ಕನ್ನಡಕ ಕೊಡಿಸುವುದು, ನನ್ನ ಮಗ್ಗಿ ಒಪ್ಪಿಸಿಕೊಳ್ಳುವುದು, ಒಂದರ ಹಿಂದೆ ಒಂದು. ಅವಳ ಮಾತಿನಲ್ಲೇ ಆ ಎರಡು ಮೈಲಿ ಸವೆದುಹೋಗುತ್ತಿತ್ತು.

ಹೈಸ್ಕೂಲಿನ ಹುಡುಗಿಯರಿಗೆ ಶನಿವಾರ ಅಡುಗೆ ಕಲಿಸುವ ಪೀರಿಯಡ್ ಇತ್ತು. ಅಕ್ಕನಿಗೆ ದೂರ ನಿಂತು ನೋಡುವ ಕೆಲಸ. ಆ ದಿನ ಉಪ್ಪಿಟ್ಟು ತಿರುವುತ್ತಿದ್ದ ಹುಡುಗಿ ಕೈ ಸೋತು ಸೌಟು ಬಿಟ್ಟಳಂತೆ. ತಳ ಹಿಡಿದೀತೆಂದು ಅಕ್ಕ ಮುಂದೆ ಹೋಗಿ ತಿರುವಿದಳು. ಆಮೇಲೆ ಯಾರೂ ತಿನ್ನಲಿಲ್ಲ. ಟೀಚರು ಬೈಯಲೂ ಇಲ್ಲ. ಪಾತ್ರೆಯನ್ನು ಹಿತ್ತಲಿಗೆ ಒಯ್ದು ಸುರಿದು ಬರಲು ಅಕ್ಕನಿಗೇ ಹೇಳಿದರು. ನೀರು ಕುಡಿಯಲು ಹೊರಗೆ ಬಂದಿದ್ದ ನಾನು ನೋಡಿದೆ. ಹುಣಸೆ ಮರದ ಕೆಳಗೆ ಕೂತು, ಬಿಸಿ ಹೋಗದ ಉಪ್ಪಿಟ್ಟನ್ನು ಅವಳು ಸೌಟಿನಿಂದ ನಿಧಾನಕ್ಕೆ ಕೆರೆದು ಹಾಕುತ್ತಿದ್ದಳು. ಎರಡು ನಾಯಿಗಳು ತಿನ್ನುತ್ತಿದ್ದವು. ನನ್ನನ್ನು ಕಂಡು, “ಅವ್ವಗೆ ಹೇಳ್ಬ್ಯಾಡ ಕಣೆ. ಹೇಳಿದ್ರೆ ಶಾಲೆ ಬಿಡಿಸ್ತಾರೆ” ಅಂದಳು. ನಾನು ಹ್ಞೂಂ ಅಂದೆ.

ಆ ದಿನ ವಾಪಸು ಬರುವ ದಾರಿಯಲ್ಲಿ ಅವಳು ಮಾತಾಡಲಿಲ್ಲ. ಎರಡು ವಾರ ಹಾಗೇ ಶಾಲೆಗೆ ಹೋಗಿಬಂದಳು. ಒಂದು ಬೆಳಿಗ್ಗೆ ಕಂಬಕ್ಕೆ ಒರಗಿ ಕೂತವಳು ಏಳಲಿಲ್ಲ. ಮುದ್ದೆ ಮುಂದಿಟ್ಟರೆ ಆರಿ ಗಟ್ಟಿಯಾಗುವವರೆಗೂ ನೋಡುತ್ತಿದ್ದಳು. ಬೈತಲೆಯ ಕೂದಲನ್ನು ಒಂದೊಂದಾಗಿ ಕಿತ್ತು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಶಾಲೆಯಿಂದ ಯಾರೂ ಕೇಳಿಕೊಂಡು ಬರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಮಾತು ಬಿಟ್ಟು ಕೂತವರೊಬ್ಬರು ಇದ್ದಿರಬಹುದು. ಹಾಗಿದ್ದರೆ ಆ ಮನೆಯ ನಿಶ್ಶಬ್ದ ಎಂಥದೆಂದು ನಾನು ಹೇಳಬೇಕಿಲ್ಲ. ಗಾಳಿ ಸೋಕಿದೆ ಅಂದರು ಕೇರಿಯವರು. ಅಪ್ಪ ಅವಳನ್ನು ಗುಡ್ಡದಾಚೆಯ ಮಂತ್ರಗಾರನ ಬಳಿ ಕರೆದೊಯ್ದರು. ಅವನು ಮೆಣಸಿನಕಾಯಿ ಹೊಗೆ ಹಾಕಿ, ಬೇವಿನ ಬರಲಿನಿಂದ ಬೆನ್ನಿಗೆ ಹೊಡೆದು, “ಯಾರು ನೀನು, ಹೇಳು” ಎಂದು ಕೇಳುತ್ತಿದ್ದ. ಅವ್ವನ ಸೆರಗು ಹಿಡಿದು ನಿಂತಿದ್ದ ನನ್ನನ್ನು ಅಕ್ಕ ಆ ಹೊಗೆಯ ನಡುವೆ ಒಮ್ಮೆ ನೋಡಿದಳು. ನನಗೆ ಎಲ್ಲ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಹಾಗೆ ಮೂರು ಸಲ ಅವಳನ್ನು ಅಲ್ಲಿಗೆ ಕರೆದೊಯ್ದರು.

ಸಣ್ಣ ಮಕ್ಕಳಿಗೆ ಸೂಜಿ ಹಾಕಲು ಬರುತ್ತಿದ್ದ ನರ್ಸಮ್ಮ ಒಬ್ಬರಿದ್ದರು. ಬೇರೆಯವರು ಕೇರಿಯ ಬಾಯಿಗೇ ನಿಂತು ಕೂಗಿ ಹೋಗುತ್ತಿದ್ದರು, ಇವರು ಒಳಗೆ ಬರುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಅಜ್ಜಿಯ ಕೈಯಿಂದ ನೀರು ಇಸಿದುಕೊಂಡು ಕುಡಿದರು. ಅಕ್ಕನ ಬೆನ್ನ ಮೇಲಿನ ಬಾಸುಂಡೆ ಕಂಡವರೇ ಅವಳ ಪಕ್ಕ ನೆಲದ ಮೇಲೆ ಕೂತರು.

“ಇದು ಗಾಳಿ ಅಲ್ಲಮ್ಮ. ಮನಸ್ಸಿಗೆ ಪೆಟ್ಟು ಬಿದ್ದೈತೆ. ಏನಾಯ್ತು ಅಂತ ಯಾರಾದ್ರೂ ಕೇಳಿದ್ರಾ?” ಅಂದರು. ಯಾರೂ ಕೇಳಿರಲಿಲ್ಲ. ಅವರು ನನ್ನ ಕಡೆ ತಿರುಗಿ, “ನಿನಗೇನಾದ್ರೂ ಗೊತ್ತೈತೇನವ್ವ?” ಅಂದಾಗ ನನಗೆ ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ. ಅಜ್ಜಿ ಎದ್ದು ಹೋಗಿ ಅಕ್ಕನ ಕೊರಳಿಗೆ ಮಂತ್ರಗಾರ ಕಟ್ಟಿದ್ದ ತಾಯಿತವನ್ನು ಹಲ್ಲಿನಿಂದ ಕಚ್ಚಿ ಹರಿದಳು.

“ಇಂಥದಕ್ಕೆ ಬೆಂಗಳೂರಲ್ಲಿ ದೊಡ್ಡಾಸ್ಪತ್ರೆ ಐತೆ. ಬೇಕಾದ್ರೆ ಕಾಗದ ಬರ್ಕೊಡ್ತೀನಿ. ಅಲ್ಲೀತನಕ ಇವಳನ್ನ ಒಬ್ಬಳನ್ನೇ ಬಿಡಬ್ಯಾಡ್ರಿ, ಪಕ್ಕದಾಗೆ ಕುಂತ್ಕಳ್ರಿ” ಎಂದು ಹೇಳಿ ನರ್ಸಮ್ಮ ಹೋದರು.

ಆಗ ಬಿತ್ತನೆಗೆ ಶೇಂಗಾ ಸುಲಿಯುವ ಕಾಲ. ಕೇರಿಯ ಹೆಂಗಸರು ತಮ್ಮ ತಮ್ಮ ಮೊರ ತಂದು ನಮ್ಮ ನಡುಮನೆಯಲ್ಲಿ ಅಕ್ಕನ ಸುತ್ತ ಕೂತರು. ಕೂತವರು ತಾವು ನುಂಗಿಕೊಂಡದ್ದನ್ನು ಹೇಳತೊಡಗಿದರು: ಯಾರ ಅಂಗಳದಲ್ಲಿ ಎಲೆ ಎಸೆದು ಅನ್ನ ಹಾಕಿದರು, ಬಾಣಂತಿಗೆ ನೀರು ಕೇಳಿದಾಗ ಯಾವ ಮನೆಯಲ್ಲಿ ಕದ ಮುಚ್ಚಿದರು. ಅವ್ವ ಕೂಡ ಹೇಳಿದಳು. ಹದಿನಾರರ ಅಕ್ಕ ತಲೆ ತಗ್ಗಿಸಿ ಕೇಳುತ್ತಿದ್ದಳು. ನರ್ಸಮ್ಮ ವಾರಕ್ಕೊಮ್ಮೆ ಬಂದು ಅವಳ ಕೈ ಹಿಡಿದು ಕೂರುತ್ತಿದ್ದರು. ಎಷ್ಟೋ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕ, “ಕೈ ನೋಯ್ತೈತೇನಜ್ಜಿ? ಇತ್ತ ಕೊಡು” ಎಂದು ಅಜ್ಜಿಯ ಮೊರ ಎಳೆದುಕೊಂಡಳು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಪ್ಪ ಶಾಲೆಗೆ ಹೋಗಿ ಹೆಡ್ಮಾಸ್ತರರ ಮುಂದೆ ನಿಂತರು. “ಪಾಠ ಹೇಳೋದು ನಮ್ಮ ಕೆಲಸ ಕಣಪ್ಪ. ಮನಸಿಗಾದ್ದನ್ನೆಲ್ಲ ನಾವೆಲ್ಲಿ ನೋಡಾಣ” ಅಂದರಂತೆ ಅವರು. ಅಕ್ಕ ಮತ್ತೆ ಶಾಲೆಗೆ ಹೋಗಲಿಲ್ಲ. ನರ್ಸಮ್ಮನಿಗೆ ಹೊಸದುರ್ಗದ ಕಡೆ ವರ್ಗವಾಯಿತು. ಅವರು ಬರೆದುಕೊಟ್ಟ ಕಾಗದ ಹಿಡಿದು ಬೆಂಗಳೂರಿಗೆ ಹೋಗುವ ಧೈರ್ಯ ಅಪ್ಪನಿಗೆ ಬರಲಿಲ್ಲ. ಮರುವರ್ಷ ಅಕ್ಕನನ್ನು ತುರುವನೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟರು. ದುಡಿದಳು, ಮಕ್ಕಳನ್ನು ಹೆತ್ತಳು, ಬೇಕಾದಷ್ಟೇ ಮಾತಾಡಿದಳು. ಅವಳು ಆಗಬೇಕೆಂದಿದ್ದ ಟೀಚರು ನಾನಾದೆ.

ಅವಳ ಕೊನೆಯ ಕಾಲದಲ್ಲಿ ಒಮ್ಮೆ ನೋಡಲು ಹೋಗಿದ್ದಾಗ, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದೆ. “ಆವಾಗ ಆ ಮಂತ್ರಗಾರನ ಮುಂದೆ ನಾನು ಬಾಯಿ ಬಿಡಲಿಲ್ಲ ಅಂತ ನಿನಗೆ ಸಿಟ್ಟಿತ್ತೇನಕ್ಕ?” ಇಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ.

“ಹೇಳ್ಬ್ಯಾಡ ಅಂದಿದ್ದು ನಾನೇ. ಆದ್ರೂ ನೀನು ಹೇಳ್ಬೇಕಿತ್ತು ಕಣೆ” ಅಂದಳು. ಆಮೇಲೆ, ಊಟಕ್ಕೆ ಏಳು ಎಂದು ನನ್ನ ಭುಜ ಮುಟ್ಟಿದಳು.

ಅಕ್ಕ ಈಗಿಲ್ಲ. ಅಜ್ಜಿ, ಅಪ್ಪ, ಅವ್ವ ಅವಳಿಗಿಂತ ಮೊದಲೇ ಹೋದರು. ಆ ಮಾಳಿಗೆ ಮನೆ ಬಿದ್ದ ಜಾಗದಲ್ಲಿ ಯಾರದೋ ಆರ್‌ಸಿಸಿ ಮನೆ ಎದ್ದಿದೆ. ಬೆಳಿಗ್ಗೆ ಕೇರಿಯ ಹುಡುಗಿಯರು ಬ್ಯಾಗು ಹಾಕಿಕೊಂಡು ಕಾಲೇಜು ಬಸ್ಸಿಗೆ ಕಾಯುತ್ತಾರೆ. ಕೆಂಚಮ್ಮ ಅಂದರೆ ಯಾರೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.